ಕರೆಯುವವರು ಒಬ್ಬರು, ಕಾಸು ಕೊಡುವವರು ಇನ್ನೊಬ್ಬರು: ತಂಡದೊಳಗೆ ಬಂದ ಬಾಡಿಗೆ ಎಐ

2025ರ ಜುಲೈನಲ್ಲಿ ಅಮೆರಿಕದ ಹೂಡಿಕೆದಾರ ಜೇಸನ್ ಲೆಮ್ಕಿನ್, ಸಾಫ್ಟ್‌ವೇರ್ ಕಟ್ಟಿಕೊಡುವ ರೆಪ್ಲಿಟ್ ವೇದಿಕೆಯ ಎಐ ಏಜೆಂಟ್ ಹಿಡಿದು ಒಂದು ಆ್ಯಪ್ ಕಟ್ಟಲು ಕೂತರು. ತಿಂಗಳಿಗೆ 25 ಡಾಲರಿನ ಪ್ಲಾನ್. ಮೂರೂವರೆ ದಿನ ಕಳೆಯುವಷ್ಟರಲ್ಲಿ ಅದರ ಮೇಲೆ 607 ಡಾಲರ್ 70 ಸೆಂಟ್ ಹೆಚ್ಚುವರಿ ಬಿಲ್ ಏರಿತ್ತು. ಇದೇ ವೇಗದಲ್ಲಿ ಹೋದರೆ ತಿಂಗಳಿಗೆ 8,000 ಡಾಲರ್ ಮುಟ್ಟಬಹುದೆಂದು ಅವರೇ ಬರೆದುಕೊಂಡರು. ಆದರೂ ಬಿಡಲು ಮನಸ್ಸಾಗಲಿಲ್ಲ. ಕೆಲವೇ ದಿನಗಳಲ್ಲಿ, ಏನನ್ನೂ ಮುಟ್ಟಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರೂ ಆ ಏಜೆಂಟ್ ಅವರ ಅಸಲಿ ಡೇಟಾಬೇಸನ್ನೇ ಅಳಿಸಿಹಾಕಿತು. ಸಾವಿರದ ಇನ್ನೂರರಷ್ಟು ಕಂಪನಿ ಮುಖ್ಯಸ್ಥರ ದಾಖಲೆಗಳು ಅದರಲ್ಲಿದ್ದವು. ವಾಪಸ್ ತರಲು ಬರುವುದಿಲ್ಲ ಎಂದೂ ಅದು ಹೇಳಿತು. ಪ್ರಯತ್ನಿಸಿ ನೋಡಿದಾಗ ವಾಪಸ್ ಬಂತು. ರೆಪ್ಲಿಟ್ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನೂ ಅಸಲಿ ಡೇಟಾಬೇಸನ್ನೂ ಬೇರೆ ಬೇರೆ ಇಡುವ ವ್ಯವಸ್ಥೆ ತಂದರು.

ಡೇಟಾಬೇಸ್ ಅಳಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಬಿಲ್ಲಿನ ವಿಷಯ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ನನಗೆ ಎರಡೂ ಒಂದೇ ಕಥೆಯ ಭಾಗವಾಗಿ ಕಾಣುತ್ತವೆ. ಕೆಲಸ ಹೇಳಿದವರು ಲೆಮ್ಕಿನ್, ಕಾಸು ಕೊಟ್ಟವರು ಲೆಮ್ಕಿನ್, ಸರಿಯಾಗಿದೆಯೇ ಎಂದು ಪರೀಕ್ಷಿಸಿದವರೂ ಲೆಮ್ಕಿನ್. ಮೂರೂ ಪಾತ್ರ ಒಬ್ಬರ ಕೈಯಲ್ಲೇ ಇದ್ದಾಗ, ಅದೂ ದಶಕಗಳಿಂದ ಸಾಫ್ಟ್‌ವೇರ್ ವ್ಯವಹಾರ ಬಲ್ಲವರ ಕೈಯಲ್ಲಿದ್ದಾಗ, ಹೀಗಾಯಿತು. ಇಪ್ಪತ್ತು ಜನರ ತಂಡದಲ್ಲಿ ಏಜೆಂಟ್‌ಗೆ ಕೆಲಸ ಹೇಳುವವರು ಒಬ್ಬರು, ಬಿಲ್ ಕಟ್ಟುವವರು ಎರಡು ಮಹಡಿ ಮೇಲಿನ ಮತ್ತೊಬ್ಬರು, ಅದು ಮಾಡಿದ್ದನ್ನು ಕೂತು ಓದುವವರು ಮೂರನೆಯವರು. ಈ ಮೂವರ ನಡುವಿನ ಅಂತರವೇ ಇವತ್ತಿನ ನಿಜವಾದ ತೊಂದರೆ ಎಂಬುದು ನನ್ನ ಅಭಿಪ್ರಾಯ. ಎಐ ಎಷ್ಟು ಜಾಣ ಎನ್ನುವ ಚರ್ಚೆಯಲ್ಲಿ ಇದು ಮುಚ್ಚಿಹೋಗುತ್ತಿದೆ.

ಏಜೆಂಟ್ ತಂಡದೊಳಗೆ ಬಂದದ್ದು ಹೇಗೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2023ರಲ್ಲಿ ಹೆಚ್ಚಿನವರು ಕಂಡದ್ದು ಪಕ್ಕದ ಕಿಟಕಿಯ ಚಾಟ್‌ಬಾಟ್: ಕೇಳಿದರೆ ಉತ್ತರ, ಕೇಳದಿದ್ದರೆ ಮೌನ. ಏಜೆಂಟ್‌ಗೆ ಗುರಿ ಕೊಟ್ಟರೆ ಸಾಕು, ಫೈಲು ತೆರೆಯುತ್ತದೆ, ಹುಡುಕುತ್ತದೆ, ಬದಲಾಯಿಸುತ್ತದೆ, ಎಡವಿದರೆ ಮತ್ತೊಮ್ಮೆ ಪ್ರಯತ್ನಿಸುತ್ತದೆ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಎಂಸಿಪಿ ಎಂಬ ಸಾಮಾನ್ಯ ಜೋಡಣೆಯ ವಿಧಾನ ಬಂದ ಮೇಲೆ ಕಂಪನಿಯ ಮೇಲ್, ಕ್ಯಾಲೆಂಡರ್, ಟಿಕೆಟ್ ಬೋರ್ಡ್ (ಯಾರಿಗೆ ಯಾವ ಕೆಲಸ ಎಂಬ ಚೀಟಿಗಳ ಪಟ್ಟಿ), ಡೇಟಾಬೇಸ್ ಎಲ್ಲಕ್ಕೂ ಅದನ್ನು ಹೊಂದಿಸುವುದು ಸುಲಭವಾಯಿತು. 2025ರ ಮೇ ತಿಂಗಳಲ್ಲಿ, ತಂಡಗಳು ಕೋಡ್ ಇಟ್ಟುಕೊಳ್ಳುವ ವೇದಿಕೆ ಗಿಟ್‌ಹಬ್ ತನ್ನ ಎಐ ಸಹಾಯಕ ಕೋಪೈಲಟ್‌ಗೆ ಸಹೋದ್ಯೋಗಿಗೆ ಒಪ್ಪಿಸುವ ಹಾಗೆಯೇ ಟಿಕೆಟ್ ಒಪ್ಪಿಸುವ ಅವಕಾಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಟಿಪ್ಪಣಿ ಬರೆದಿಡುವ ಆ್ಯಪ್ ನೋಷನ್ ತನ್ನ ಏಜೆಂಟ್‌ಗಳನ್ನು ತಂದಿತು. ತಂಡಗಳು ಕೆಲಸಕ್ಕೂ ಮಾತಿಗೂ ಬಳಸುವ ಜಿರಾ, ಸ್ಲ್ಯಾಕ್, ಟೀಮ್ಸ್ ಎಲ್ಲದರಲ್ಲೂ ಈಗ ಮನುಷ್ಯರ ಹೆಸರುಗಳ ಸಾಲಿನಲ್ಲೇ ಏಜೆಂಟ್‌ನ ಹೆಸರೂ ಇರುತ್ತದೆ. ಟ್ಯಾಗ್ ಮಾಡಿದರೆ ಕೆಲಸಕ್ಕೆ ಇಳಿಯುತ್ತದೆ.

ಈ ಸಾಲಿನಲ್ಲಿ ಒಂದು ವ್ಯತ್ಯಾಸವಿದೆ. ಮನುಷ್ಯರನ್ನು ಟ್ಯಾಗ್ ಮಾಡಿದರೆ ತಿಂಗಳ ಸಂಬಳ ಹೆಚ್ಚಾಗುವುದಿಲ್ಲ. ಏಜೆಂಟ್‌ನನ್ನು ಟ್ಯಾಗ್ ಮಾಡಿದ ಕ್ಷಣದಿಂದ ಮೀಟರ್ ಓಡುತ್ತದೆ.

ಸೀಟಿನಿಂದ ಮೀಟರಿಗೆ

ಇಪ್ಪತ್ತು ವರ್ಷಗಳಿಂದ ಆಫೀಸ್ ಸಾಫ್ಟ್‌ವೇರ್ ಮಾರಾಟವಾದದ್ದು ತಲೆ ಲೆಕ್ಕದಲ್ಲಿ. ನೂರು ಜನರಿದ್ದರೆ ನೂರು ಸೀಟು. ಮೈಕ್ರೋಸಾಫ್ಟ್ ತನ್ನ 365 ಕೋಪೈಲಟ್ ತಂದಾಗಲೂ ಆಳಿಗೆ ತಿಂಗಳಿಗೆ 30 ಡಾಲರ್ ಎಂದೇ ಬೆಲೆ ಕಟ್ಟಿತ್ತು. ಮಾರುವವರಿಗೂ ಕೊಳ್ಳುವವರಿಗೂ ಈ ಲೆಕ್ಕ ನೆಮ್ಮದಿ ಕೊಡುತ್ತಿತ್ತು, ಏಕೆಂದರೆ ಒಬ್ಬರು ವರ್ಡ್ ಫೈಲನ್ನು ದಿನಕ್ಕೆ ಒಂದು ಸಲ ತೆರೆದರೂ ನೂರು ಸಲ ತೆರೆದರೂ ಮಾರುವವರ ಖರ್ಚು ಹೆಚ್ಚುಕಡಿಮೆ ಒಂದೇ.

ಎಐ ಮಾದರಿಗಳಲ್ಲಿ ಹಾಗಲ್ಲ. ಪ್ರತಿ ಉತ್ತರಕ್ಕೂ ಎಲ್ಲೋ ಒಂದು ಡೇಟಾ ಸೆಂಟರ್‌ನಲ್ಲಿ ದುಬಾರಿ ಚಿಪ್ ಕೆಲಸ ಮಾಡುತ್ತದೆ, ಕರೆಂಟು ಸುಡುತ್ತದೆ. ಅಲ್ಲದೆ ಏಜೆಂಟ್ ಮನುಷ್ಯನ ಕೆಲಸ ಮಾಡಿದರೆ ಸೀಟುಗಳೇ ಕಡಿಮೆಯಾಗುತ್ತವೆ. ಸೀಟು ಮಾರುವವರು ಅದನ್ನು ನೋಡಿಕೊಂಡು ಕೂರುವುದಿಲ್ಲ. ಹಾಗಾಗಿ 2024ರಲ್ಲಿ ವ್ಯಾಪಾರ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ ತನ್ನ ಏಜೆಂಟ್ ಸೇವೆ ಏಜೆಂಟ್‌ಫೋರ್ಸ್‌ಗೆ ಸಂಭಾಷಣೆಗೆ 2 ಡಾಲರ್ ಎಂದಿತು. ಗ್ರಾಹಕರು ಗೊಣಗಿದರು. 2025ರ ಮೇ ತಿಂಗಳಲ್ಲಿ ಏಜೆಂಟ್ ಮಾಡುವ ಒಂದೊಂದು ಕ್ರಿಯೆಗೆ 10 ಸೆಂಟ್ ಎಂಬ ಇನ್ನೊಂದು ದರವನ್ನೂ ಇಟ್ಟಿತು. ಗಿಟ್‌ಹಬ್ ತಿಂಗಳ ಕೋಟಾ ಮುಗಿದ ಮೇಲಿನ ಪ್ರತಿ ಪ್ರೀಮಿಯಂ ಕೋರಿಕೆಗೆ 4 ಸೆಂಟ್ ಎಂದಿತು. ಗ್ರಾಹಕ ಸೇವೆಯ ಇಂಟರ್‌ಕಾಮ್ ಕಂಪನಿಯ ಫಿನ್ ಏಜೆಂಟ್ ಬಗೆಹರಿದ ದೂರು ಒಂದಕ್ಕೆ 99 ಸೆಂಟ್ ತೆಗೆದುಕೊಳ್ಳುತ್ತದೆ. ಕಾಗ್ನಿಶನ್ ಕಂಪನಿಯ ಡೆವಿನ್ ಎಂಬ ಕೋಡಿಂಗ್ ಏಜೆಂಟ್‌ಗೆ 2025ರ ಏಪ್ರಿಲ್‌ನಲ್ಲಿ ಹೇಳಿದ ದರ, ಸುಮಾರು ಹದಿನೈದು ನಿಮಿಷದ ದುಡಿಮೆಗೆ 2 ಡಾಲರ್ 25 ಸೆಂಟ್.

ಬಳಸಿದಷ್ಟಕ್ಕೆ ಕೊಡಿ ಎಂಬ ಮಾತು ಕೇಳಲು ನ್ಯಾಯವಾಗಿದೆ. ಸಣ್ಣ ತಂಡಕ್ಕೆ ನಿಜಕ್ಕೂ ಉಪಕಾರ: ಹತ್ತು ಸೀಟಿನ ವಾರ್ಷಿಕ ಕರಾರು ಮಾಡಿಕೊಳ್ಳಲಾಗದವರು ನೂರು ರೂಪಾಯಿಯ ಕೆಲಸ ಮಾಡಿಸಿಕೊಂಡು ನೂರು ರೂಪಾಯಿ ಕೊಟ್ಟು ಎದ್ದು ಬರಬಹುದು. ಆದರೆ ‘ಬಳಸಿದಷ್ಟು’ ಎಷ್ಟು ಎಂದು ಮೊದಲೇ ಅಂದಾಜು ಸಿಕ್ಕಬೇಕಲ್ಲ? ಏಜೆಂಟ್‌ಗಳ ವಿಷಯದಲ್ಲಿ ಅದೇ ಸಿಗುವುದಿಲ್ಲ. ಕಾರಣ ಅವು ಕೆಲಸ ಮಾಡುವ ಬಗೆಯಲ್ಲಿದೆ.

ಏಜೆಂಟ್‌ನ ಒಳಗೆ ಉತ್ತರ ಬರೆಯುವ ಭಾಷಾ ಮಾದರಿಗೆ ತನ್ನದೇ ಆದ ನೆನಪು ಇಲ್ಲ. ಏಜೆಂಟ್ ಪ್ರತಿ ಹೆಜ್ಜೆ ಇಡುವಾಗಲೂ ಅಲ್ಲಿಯವರೆಗಿನ ಪೂರ್ತಿ ಕಥೆಯನ್ನು ಮಾದರಿಗೆ ಮತ್ತೆ ಓದಿಸಬೇಕು: ನೀವು ಕೊಟ್ಟ ಸೂಚನೆ, ಅದು ತೆರೆದ ಫೈಲು, ಬಂದ ಎರರ್, ಮಾಡಿದ ತಿದ್ದುಪಡಿ, ಎಲ್ಲವನ್ನೂ. ಲೆಕ್ಕ ಹಾಕಿ ನೋಡೋಣ. ಮಾದರಿಗೆ ಓದಿಸಿದ ಪಠ್ಯವನ್ನು ಎಣಿಸುವುದು ಟೋಕನ್ ಎಂಬ ಸಣ್ಣ ತುಂಡುಗಳಲ್ಲಿ. ಮೊದಲ ಹೆಜ್ಜೆಗೆ 10,000 ಟೋಕನ್ ಓದಬೇಕು, ಒಂದೊಂದು ಹೆಜ್ಜೆಗೂ 2,000 ಟೋಕನ್ ಸೇರುತ್ತ ಹೋಗುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಹೆಜ್ಜೆಯಲ್ಲಿ ಕೆಲಸ ಮುಗಿದರೆ ಒಟ್ಟು ಓದಿಸಿದ್ದು 5,80,000 ಟೋಕನ್. ನಲವತ್ತು ಹೆಜ್ಜೆಯಾದರೆ? ದುಪ್ಪಟ್ಟಲ್ಲ, 19,60,000. ಹತ್ತು ಲಕ್ಷ ಟೋಕನ್‌ಗೆ 3 ಡಾಲರ್ ಎಂಬ ದರದಲ್ಲಿ (2025ರಲ್ಲಿ ಆಂಥ್ರೊಪಿಕ್‌ನ ಮಾದರಿ ಕ್ಲಾಡ್ ಸಾನೆಟ್‌ನ ಓದುವ ದರ ಇದೇ ಇತ್ತು; ಬರೆಯುವುದಕ್ಕೆ ಇದರ ಐದು ಪಟ್ಟು) ಮೊದಲನೆಯದಕ್ಕೆ 1 ಡಾಲರ್ 74 ಸೆಂಟ್, ಎರಡನೆಯದಕ್ಕೆ 5 ಡಾಲರ್ 88 ಸೆಂಟ್. ಒಮ್ಮೆ ಓದಿಸಿದ್ದನ್ನು ತಾತ್ಕಾಲಿಕವಾಗಿ ಉಳಿಸಿಟ್ಟುಕೊಂಡರೆ ಆ ಭಾಗ ಹತ್ತನೇ ಒಂದು ಬೆಲೆಗೆ ಸಿಗುತ್ತದೆ, ಒಳ್ಳೆಯ ವೇದಿಕೆಗಳು ಹಾಗೆ ಮಾಡುತ್ತವೆ. ಆದರೂ ಬಿಲ್ಲಿನ ಏರಿಕೆ ಕೆಲಸದ ಗಾತ್ರಕ್ಕಿಂತ ಜೋರಾಗಿಯೇ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಇಪ್ಪತ್ತು ಹೆಜ್ಜೆಯ ಕೆಲಸ ನಲವತ್ತು ಆಗುವುದು ಯಾವಾಗ ಎಂಬುದು. ಏಜೆಂಟ್ ತಪ್ಪು ಫೈಲು ಹಿಡಿದು ಅಲೆದಾಗ. ಟಿಕೆಟ್‌ನಲ್ಲಿ ಎರಡೇ ಸಾಲು ಬರೆದು ಬಿಟ್ಟಾಗ. ಅಂದರೆ ಕೆಲಸ ಕೆಟ್ಟಷ್ಟೂ ಬಿಲ್ ಬೆಳೆಯುತ್ತದೆ. ಆಂಥ್ರೊಪಿಕ್‌ನ ಎಂಜಿನಿಯರುಗಳೇ 2025ರ ಜೂನ್‌ನಲ್ಲಿ ಬರೆದ ಪ್ರಕಾರ, ಮಾಮೂಲಿ ಚಾಟ್‌ಗೆ ಹೋಲಿಸಿದರೆ ಒಂದು ಏಜೆಂಟ್ ಸುಮಾರು ನಾಲ್ಕು ಪಟ್ಟು ಟೋಕನ್ ತಿನ್ನುತ್ತದೆ. ಹಲವು ಏಜೆಂಟ್‌ಗಳು ಒಟ್ಟಾಗಿ ದುಡಿಯುವ ವ್ಯವಸ್ಥೆ ಹದಿನೈದು ಪಟ್ಟು.

ಮೀಟರ್ ಯಾರ ಕಣ್ಣಿಗೆ ಕಾಣುತ್ತದೆ?

ಎಸ್‌ಟಿಡಿ ಬೂತಿನ ಕಾಲ ನೋಡಿದವರಿಗೆ ಗಾಜಿನ ಗೂಡಿನೊಳಗಿನ ಆ ಕೆಂಪು ಅಂಕಿಗಳು ನೆನಪಿರುತ್ತವೆ. ಮಾತಾಡುವವರೇ ಅಂಕಿ ನೋಡುತ್ತಿದ್ದರು, ಅವರೇ ಹೊರಗೆ ಬಂದು ದುಡ್ಡು ಎಣಿಸುತ್ತಿದ್ದರು. ಬೊಂಬಾಯಿಗೆ ಮಾಡಿದ ಕರೆಯ ಕೊನೆಯ ವಾಕ್ಯ ಎಷ್ಟು ಉದ್ದ ಇರಬೇಕೆಂದು ಆ ಅಂಕಿಯೇ ತೀರ್ಮಾನಿಸುತ್ತಿತ್ತು. ಏಜೆಂಟ್ ಇರುವ ಚಾನೆಲ್‌ನಲ್ಲಿ ಅಂತಹ ಅಂಕಿ ಹೆಚ್ಚಿನ ಕಡೆ ಇಲ್ಲ. ಅದು ಅಡ್ಮಿನ್ ಪುಟದಲ್ಲಿರುತ್ತದೆ, ಅಡ್ಮಿನ್ ಅದನ್ನು ನೋಡುವುದು ತಿಂಗಳ ಕೊನೆಗೆ. ಗಿಟ್‌ಹಬ್ ಕೋಪೈಲಟ್‌ನಲ್ಲಿ ಮಾದರಿ ಆಯ್ದುಕೊಳ್ಳುವ ಪಟ್ಟಿ ಇದೆ. 2025ರಲ್ಲಿ ಅದರಲ್ಲಿ ಕ್ಲಾಡ್ ಓಪಸ್ 4 ಆರಿಸಿದರೆ ಒಂದು ಕೋರಿಕೆ ಹತ್ತು ಕೋರಿಕೆಯ ಲೆಕ್ಕ, ಜಿಪಿಟಿ 4.5 ಆರಿಸಿದರೆ ಐವತ್ತರ ಲೆಕ್ಕ. ಫ್ರೆಶರ್ ಒಬ್ಬರು ‘ದೊಡ್ಡದು ಒಳ್ಳೆಯದಿರಬಹುದು’ ಎಂದು ಪಟ್ಟಿಯಿಂದ ಆರಿಸಿದರೆ ಆ ಕೋರಿಕೆಯ ಖರ್ಚು ಐವತ್ತು ಪಟ್ಟಾಗುತ್ತಿತ್ತು. ಅವರ ತಪ್ಪೆನ್ನಲು ಸಾಧ್ಯವೇ?

ಮೀಟರ್ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ಸರ್ ಪ್ರಕರಣ ನೋಡಬೇಕು. ಈ ಕೋಡ್ ಎಡಿಟರ್ ತಿಂಗಳಿಗೆ 20 ಡಾಲರಿಗೆ 500 ವೇಗದ ಕೋರಿಕೆ ಕೊಡುತ್ತಿತ್ತು. 2025ರ ಜೂನ್ 16ರಂದು ಅದನ್ನು ಬದಲಿಸಿ, 20 ಡಾಲರ್ ಮೌಲ್ಯದ ಬಳಕೆ ಎಂದು ಮಾಡಿತು. ಬೆಲೆ ಅದೇ ಇದ್ದುದರಿಂದ ಬದಲಾವಣೆ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ದೊಡ್ಡ ಮಾದರಿಗಳನ್ನು ಬಳಸುತ್ತಿದ್ದವರ ಕೋಟಾ ಕೆಲವೇ ದಿನಗಳಲ್ಲಿ ಖಾಲಿಯಾಗಿ ಹೆಚ್ಚುವರಿ ಬಿಲ್ ಬಂತು. ಜುಲೈ 4ರಂದು ಕಂಪನಿ ಕ್ಷಮೆ ಕೇಳಿ, ಆ ಅವಧಿಯ ಅನಿರೀಕ್ಷಿತ ಶುಲ್ಕ ಹಿಂದಿರುಗಿಸುವುದಾಗಿ ಹೇಳಿತು. ಬಳಸಿದವರಲ್ಲಿ ಹೆಚ್ಚಿನವರು ಅನನುಭವಿಗಳಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಪ್ರೋಗ್ರಾಮರುಗಳು.

ಭಾರತದ ಸಣ್ಣ ಕಂಪನಿಗಳಿಗೆ ಈ ವಿಷಯದಲ್ಲಿ ಅರಿವಿಲ್ಲದೆಯೇ ಒಂದು ತಡೆ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನ ಮೇಲಿನ ಆಟೊ ಡೆಬಿಟ್ 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು. ಸ್ಟಾರ್ಟಪ್‌ನವರು ಇದನ್ನು ಬೈದುಕೊಳ್ಳುತ್ತಾರೆ; ಆದರೆ ಮೀಟರ್ ಓಡುವ ಸೇವೆಗಳ ಮಟ್ಟಿಗೆ ಇದು ಒಳ್ಳೆಯದೇ. ಯಾರೋ ಒಬ್ಬರು ಅಂಕಿ ನೋಡಿ ಹೂಂ ಎನ್ನಲೇಬೇಕಾಗುತ್ತದೆ. ಇದರ ಜೊತೆಗೆ ವಿದೇಶಿ ಸೇವೆಯ ಮೇಲೆ ಶೇ 18ರ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ತಾವೇ ಕಟ್ಟಬೇಕು ಎಂಬುದನ್ನು ಹಲವರು ಬಜೆಟ್ ಹಾಕುವಾಗ ಮರೆಯುತ್ತಾರೆ.

ಏನನ್ನು ಎಣಿಸುತ್ತೀರಿ?

ದರ ಎಷ್ಟು ಎಂಬುದಕ್ಕಿಂತ ಏನನ್ನು ಎಣಿಸುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಟೋಕನ್ ಎಣಿಸಿದರೆ ಏಜೆಂಟ್‌ನ ಅಲೆದಾಟದ ಖರ್ಚು ನಿಮ್ಮದು. ಕ್ರಿಯೆ ಎಣಿಸಿದರೂ ಹಾಗೆಯೇ: ‘ನನ್ನ ಆರ್ಡರ್ ಎಲ್ಲಿದೆ’ ಎಂಬ ಪ್ರಶ್ನೆಗೆ ಐದು ಕ್ರಿಯೆಯಲ್ಲಿ ಉತ್ತರ ಸಿಕ್ಕರೆ ಅರ್ಧ ಡಾಲರ್, ಸುತ್ತಿ ಬಳಸಿ ಮೂವತ್ತು ಕ್ರಿಯೆ ಆದರೆ ಮೂರು ಡಾಲರ್. 2025ರಲ್ಲಿ ಗಿಟ್‌ಹಬ್ ಇದನ್ನು ಅರ್ಥ ಮಾಡಿಕೊಂಡಂತಿತ್ತು. ಆರಂಭದಲ್ಲಿ ಕೋಡಿಂಗ್ ಏಜೆಂಟ್ ಒಂದೇ ಕೆಲಸದೊಳಗೆ ಮಾಡುವ ಹಲವು ಕೋರಿಕೆಗಳನ್ನು ಎಣಿಸುತ್ತಿದ್ದುದನ್ನು, ಜುಲೈ 2025ರಿಂದ ಒಂದು ಕೆಲಸಕ್ಕೆ ಒಂದು ಪ್ರೀಮಿಯಂ ಕೋರಿಕೆ ಎಂದು ಬದಲಿಸಿತು. ಅಲೆದಾಟದ ಹೊರೆ ಆಗ ಮಾರುವವರ ಹೆಗಲಿಗೆ ಹೋಯಿತು. ಏಜೆಂಟ್‌ನನ್ನು ಚುರುಕಾಗಿಸುವ ಅಗತ್ಯವೂ ಅವರದೇ ಆಯಿತು. ಇದು ಸರಿಯಾದ ದಿಕ್ಕು.

ಹಾಗಾದರೆ ಫಲಿತಾಂಶಕ್ಕೆ ಮಾತ್ರ ಹಣ ಕೊಡುವುದು ಎಲ್ಲಕ್ಕಿಂತ ಉತ್ತಮವೇ? ಮೊದಲು ನನಗೂ ಹಾಗನ್ನಿಸುತ್ತದೆ. ಆದರೆ ‘ಬಗೆಹರಿಯಿತು’ ಎಂದು ಹೇಳುವವರು ಯಾರು? ಇಂಟರ್‌ಕಾಮ್‌ನ ಲೆಕ್ಕದಲ್ಲಿ ಗ್ರಾಹಕ ‘ಸರಿಯಾಯಿತು’ ಎಂದರೆ ಅದು ಬಗೆಹರಿದಂತೆ. ಏಜೆಂಟ್ ಉತ್ತರ ಕೊಟ್ಟ ಮೇಲೆ ಇನ್ನೇನೂ ಕೇಳದೆ ಹೊರಟುಹೋದರೂ ಬಗೆಹರಿದಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ನ್ಯಾಯ. ಸಮಾಧಾನವಾಗಿ ಹೋದವರೂ ಇರುತ್ತಾರೆ, ಬೇಸತ್ತು ಹೋದವರೂ ಇರುತ್ತಾರೆ. ಬಿಲ್ಲಿನಲ್ಲಿ ಇಬ್ಬರೂ 99 ಸೆಂಟ್. ಬೇಸತ್ತವರು ನಾಳೆ ಬೇರೆ ಕಂಪನಿಗೆ ಹೋದರೆ ಆ ನಷ್ಟ ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣುವುದಿಲ್ಲ. ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ 2024ರ ಫೆಬ್ರವರಿಯಲ್ಲಿ ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು ಹೇಳಿಕೊಂಡಿತ್ತು. ಮುಂದಿನ ವರ್ಷ ಅದರ ಮುಖ್ಯಸ್ಥ ಸೆಬಾಸ್ಟಿಯನ್ ಸಿಮಿಯಾಟ್ಕೊವ್ಸ್ಕಿ, ಖರ್ಚಿನ ಮೇಲೆಯೇ ಗಮನ ಇಟ್ಟದ್ದರಿಂದ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು, ಮತ್ತೆ ಮನುಷ್ಯರನ್ನು ಸೇರಿಸಿಕೊಳ್ಳಲು ಹೊರಟರು.

ಬಿಲ್ಲಿನಲ್ಲಿ ಇಲ್ಲದ ದುಡಿಮೆ

ಏಜೆಂಟ್‌ಗೆ ಒಪ್ಪಿಸಿದ ಟಿಕೆಟ್ ಒಂದನ್ನು ಹತ್ತಿರದಿಂದ ನೋಡಿ. ಗಿಟ್‌ಹಬ್‌ನಲ್ಲಿ ಕೋಪೈಲಟ್‌ನ ಹೆಸರು ಹಾಕಿದ ತಕ್ಷಣ ಟಿಕೆಟ್ ಮೇಲೆ ಎರಡು ಕಣ್ಣಿನ ಇಮೋಜಿ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಕರಡು ಪುಲ್ ರಿಕ್ವೆಸ್ಟ್ (ಕೋಡಿಗೆ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದುಕೊಳ್ಳುತ್ತದೆ. ಏಜೆಂಟ್ ತನ್ನದೇ ಪ್ರತ್ಯೇಕ ಯಂತ್ರದಲ್ಲಿ ಕೋಡ್ ಓದಿ, ತಿದ್ದಿ, ಟೆಸ್ಟ್ ಓಡಿಸಿ, ಕೊನೆಗೆ ರಿವ್ಯೂಗೆ ನಿಮ್ಮ ಹೆಸರು ಹಾಕುತ್ತದೆ. ಕೆಲಸ ಒಪ್ಪಿಸಿದವರೇ ಅದಕ್ಕೆ ಬೇಕಾದ ಒಪ್ಪಿಗೆ ಕೊಡಲು ಬರುವುದಿಲ್ಲ, ಇನ್ನೊಬ್ಬರು ನೋಡಬೇಕು. ಏಜೆಂಟ್ ಬರೆದ ಕೋಡಿನ ಮೇಲೆ ಸ್ವಯಂಚಾಲಿತ ಪರೀಕ್ಷೆಗಳು ಓಡಬೇಕಾದರೂ ಸಾಮಾನ್ಯವಾಗಿ ಮನುಷ್ಯರು ಒಂದು ಬಟನ್ ಒತ್ತಬೇಕು. ಇವೆಲ್ಲ ವಿವೇಕದ ನಿಯಮಗಳು.

ಆದರೆ ಆ ‘ಇನ್ನೊಬ್ಬರು’ ಯಾರು? ಹೆಚ್ಚಿನ ತಂಡಗಳಲ್ಲಿ ಒಬ್ಬಿಬ್ಬರು ಹಿರಿಯ ಎಂಜಿನಿಯರುಗಳು. ಮೊದಲು ದಿನಕ್ಕೆ ಮೂರು ಪುಲ್ ರಿಕ್ವೆಸ್ಟ್ ಓದುತ್ತಿದ್ದವರ ಮುಂದೆ ಈಗ ಹತ್ತು ಬಂದು ಬೀಳುತ್ತವೆ. ಸಹೋದ್ಯೋಗಿ ಬರೆದದ್ದಾದರೆ ಅವರು ಎಲ್ಲಿ ಎಡವುತ್ತಾರೆಂಬ ಅಂದಾಜು ಇರುತ್ತದೆ, ಅನುಮಾನ ಬಂದರೆ ಕುರ್ಚಿ ತಿರುಗಿಸಿ ಕೇಳಬಹುದು. ಏಜೆಂಟ್ ಬರೆದದ್ದು ಮೇಲ್ನೋಟಕ್ಕೆ ಒಪ್ಪವಾಗಿರುತ್ತದೆ, ಹೆಸರುಗಳು ಸರಿಯಾಗಿರುತ್ತವೆ, ವಿವರಣೆ ಉದ್ದವಾಗಿರುತ್ತದೆ. ತಪ್ಪು ಒಳಗೆಲ್ಲೋ ಇರುತ್ತದೆ. ಅದನ್ನು ಸಾಲು ಸಾಲಾಗಿ ಓದಿ ಹಿಡಿಯುವ ಶ್ರಮಕ್ಕೆ ಯಾವ ಬಿಲ್ಲಿನಲ್ಲೂ ಸಾಲಿಲ್ಲ.

ಮೆಟರ್ (METR) ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದು. ಹದಿನಾರು ಅನುಭವಿ ಪ್ರೋಗ್ರಾಮರುಗಳು, ತಾವೇ ವರ್ಷಗಟ್ಟಲೆ ನೋಡಿಕೊಂಡ ಪ್ರಾಜೆಕ್ಟುಗಳಲ್ಲಿ 246 ಕೆಲಸ ಮಾಡಿದರು. ಕೆಲವಕ್ಕೆ ಎಐ ಬಳಸಬಹುದಿತ್ತು, ಕೆಲವಕ್ಕೆ ಇಲ್ಲ. ಎಐ ಬಳಸಿದಾಗ ಶೇ 20ರಷ್ಟು ಬೇಗ ಮುಗಿಸಿದೆವು ಎಂದು ಅವರಿಗೆ ಅನ್ನಿಸಿತ್ತು. ಗಡಿಯಾರದ ಪ್ರಕಾರ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಆ ಬಳಿಕ ಸಾಧನಗಳು ಸುಧಾರಿಸಿವೆ, ತಮಗೆ ಅಪರಿಚಿತವಾದ ಕೋಡಿನಲ್ಲಿ ಕೆಲಸ ಮಾಡುವವರಿಗೆ ಫಲಿತಾಂಶ ಬೇರೆಯೇ ಇರಬಹುದು. ಎಐ ನಿಧಾನ ಎಂದು ತೋರಿಸಲು ನಾನಿದನ್ನು ಹೇಳುತ್ತಿಲ್ಲ. ಬಳಸಿದವರ ಅನಿಸಿಕೆಗೂ ಗಡಿಯಾರಕ್ಕೂ ಇಷ್ಟು ಅಂತರ ಇರಬಹುದಾದರೆ, ‘ತಂಡದವರು ಖುಷಿಯಾಗಿದ್ದಾರೆ, ಮುಂದುವರಿಸೋಣ’ ಎಂಬ ಮ್ಯಾನೇಜರ್ ಮಾತು ಸಾಲದು. ಏಜೆಂಟ್‌ನ ಖರ್ಚು ಬರೆದ ಹಾಳೆಯಲ್ಲೇ ಅದನ್ನು ಪರಿಶೀಲಿಸಲು ಹೋದ ಗಂಟೆಗಳನ್ನೂ ಬರೆದು ಕೂಡಿಸಬೇಕು.

ಪರಿಶೀಲಿಸದೆ ಬಿಟ್ಟರೆ ಹೊಣೆ ಯಾರದು ಎಂಬುದಕ್ಕೆ ಕೆನಡಾದಲ್ಲಿ 2024ರ ಫೆಬ್ರವರಿಯಲ್ಲೇ ಉತ್ತರ ಸಿಕ್ಕಿದೆ. ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 11ನೇ ಸೆಕ್ಷನ್ ಕೂಡ ಇದೇ ಅರ್ಥದಲ್ಲಿದೆ: ನಿಮ್ಮ ಪರವಾಗಿ ತಾನಾಗಿ ಕೆಲಸ ಮಾಡುವಂತೆ ಸಜ್ಜುಗೊಳಿಸಿದ ವ್ಯವಸ್ಥೆ ಕಳಿಸಿದ ದಾಖಲೆ, ನೀವೇ ಕಳಿಸಿದಂತೆ. ಏಜೆಂಟ್ ಕಳಿಸಿದ ಮೇಲ್, ಒಪ್ಪಿದ ದರ, ಕೊಟ್ಟ ಭರವಸೆ ಕಂಪನಿಯದೇ. ಹಾಗಿದ್ದ ಮೇಲೆ ಕಂಪನಿಯೊಳಗೆ ಅದು ಯಾವ ಮನುಷ್ಯರ ಹೆಸರಿನಲ್ಲಿ ಹೋಯಿತು ಎಂಬುದು ದಾಖಲಾಗಿರಲೇಬೇಕು. ‘ಏಜೆಂಟ್ ಮಾಡಿತು’ ಎಂಬ ನಮೂದನ್ನು ಯಾವ ತಂಡವೂ ಒಪ್ಪಬಾರದು.

ಬೆಂಗಳೂರಿನ ಲೆಕ್ಕ ಬೇರೆ

ಮೇಲೆ ಹೇಳಿದ ದರಗಳೆಲ್ಲ ಅಮೆರಿಕದ ಸಂಬಳಕ್ಕೆ ಎದುರಾಗಿ ಕಟ್ಟಿದವು. ಡೆವಿನ್‌ನ ಹದಿನೈದು ನಿಮಿಷಕ್ಕೆ 2 ಡಾಲರ್ 25 ಸೆಂಟ್ ಎಂದರೆ ಗಂಟೆಗೆ 9 ಡಾಲರ್. ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರ್ ಪಕ್ಕದಲ್ಲಿಟ್ಟರೆ ಬಿಟ್ಟಿ ಸಿಕ್ಕಂತೆ. ಡಾಲರಿಗೆ 88 ರೂಪಾಯಿ ಎಂದು ಹಿಡಿದರೆ ಅದು ಗಂಟೆಗೆ ಸುಮಾರು 790 ರೂಪಾಯಿ. ವರ್ಷಕ್ಕೆ ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ಸೇರಿದ ಫ್ರೆಶರ್‌ನ ಗಂಟೆ 166 ರೂಪಾಯಿ. ಜಾಗ, ಲ್ಯಾಪ್‌ಟಾಪ್, ಕ್ಯಾಬ್ ಎಂದು ದುಪ್ಪಟ್ಟು ಮಾಡಿದರೂ 330ರ ಆಸುಪಾಸು. ಏಜೆಂಟ್‌ನ ಒಂದು ಗಂಟೆಯಲ್ಲಿ ಫ್ರೆಶರ್‌ನ ಒಂದು ದಿನದ ಕೆಲಸ ಆಗಬಹುದು, ಆಗದೆಯೂ ಇರಬಹುದು. ಕೆಲಸದಿಂದ ಕೆಲಸಕ್ಕೆ ಅದು ಬೇರೆ. ಗ್ರಾಹಕ ಸೇವೆಯಲ್ಲೂ ಹೀಗೆಯೇ. ತಿಂಗಳಿಗೆ 25,000 ಸಂಬಳದವರು ದಿನಕ್ಕೆ ನಲವತ್ತು ಚಾಟ್‌ನಂತೆ ಇಪ್ಪತ್ತೆರಡು ದಿನ ನಿಭಾಯಿಸಿದರೆ ಒಂದಕ್ಕೆ ಬೀಳುವುದು 28 ರೂಪಾಯಿ. ಸಂಭಾಷಣೆಗೆ 2 ಡಾಲರ್ ಎಂದರೆ 176. ಅಮೆರಿಕದ ಪ್ರೆಸೆಂಟೇಷನ್‌ನಲ್ಲಿರುವ ಉಳಿತಾಯದ ಅಂಕಿಯನ್ನು ಹಾಗೆಯೇ ಇಲ್ಲಿಗೆ ಇಳಿಸಿಕೊಂಡು ಜನರನ್ನು ತೆಗೆಯಲು ಹೊರಡುವವರು ಈ ಭಾಗಾಕಾರವನ್ನು ತಾವೇ ಒಮ್ಮೆ ಮಾಡಿ ನೋಡಬೇಕು. ಫ್ರೆಶರ್ ಎರಡು ವರ್ಷದಲ್ಲಿ ಆ ಪ್ರಾಜೆಕ್ಟಿನ ಒಳಹೊರಗು ಬಲ್ಲವರಾಗುತ್ತಾರೆ, ನಾಳೆ ಏಜೆಂಟ್ ಬರೆದದ್ದನ್ನು ಓದಿ ತಪ್ಪು ಹಿಡಿಯುವವರು ಅವರೇ. ಆ ಕಲಿಕೆಯ ಬೆಲೆ ಹಿಡಿದರೆ ಲೆಕ್ಕ ಇನ್ನಷ್ಟು ಅವರ ಕಡೆಗೇ ವಾಲುತ್ತದೆ.

ಐಟಿ ಸೇವಾ ಕಂಪನಿಗಳಿಗೆ ಇನ್ನೊಂದು ಇಕ್ಕಟ್ಟಿದೆ. ಅವು ಬೆಳೆದದ್ದೇ ಮಾನವ ಗಂಟೆ ಮಾರಿ. ಎಷ್ಟು ಜನ ಬಿಲೆಬಲ್ (ಕ್ಲೈಂಟ್‌ಗೆ ಬಿಲ್ ಮಾಡಬಹುದಾದವರು), ಎಷ್ಟು ಜನ ಬೆಂಚ್ ಮೇಲೆ (ಪ್ರಾಜೆಕ್ಟ್ ಇಲ್ಲದವರು) ಎಂಬುದೇ ಪ್ರತಿ ಮ್ಯಾನೇಜರ್‌ನ ಚಿಂತೆ. ಈಗ ಕ್ಲೈಂಟ್‌ನ ಬೋರ್ಡಿನಲ್ಲಿ ಕಂಪನಿಯ ಎಂಜಿನಿಯರೂ ಏಜೆಂಟೂ ಒಟ್ಟಿಗೆ ಟಿಕೆಟ್ ತೆಗೆದುಕೊಳ್ಳುತ್ತಾರೆ. ದುಡಿದ ಗಂಟೆಗೆ ಬಿಲ್ ಮಾಡುವ ಟೈಮ್ ಆ್ಯಂಡ್ ಮೆಟೀರಿಯಲ್ ಕರಾರಾದರೆ ಏಜೆಂಟ್ ಬೇಗ ಮುಗಿಸಿದಷ್ಟೂ ಕಂಪನಿಯ ವರಮಾನ ಕಡಿಮೆ. ಒಟ್ಟು ಬೆಲೆ ಮೊದಲೇ ನಿಗದಿಯಾದ ಫಿಕ್ಸ್ಡ್ ಪ್ರೈಸ್ ಆದರೆ ಏಜೆಂಟ್ ಅಲೆದಾಡಿ ಸುಟ್ಟ ಟೋಕನ್ ಕಂಪನಿಯ ಲಾಭದಿಂದ ಹೋಗುತ್ತದೆ. ಟೋಕನ್ ಬಿಲ್ ಯಾರ ಖಾತೆಗೆ, ಏಜೆಂಟ್ ಬರೆದ ಕೋಡಿನಲ್ಲಿ ಆರು ತಿಂಗಳ ನಂತರ ದೋಷ ಸಿಕ್ಕರೆ ತಿದ್ದುವ ಗಂಟೆಗಳು ಯಾರವು ಎಂಬುದನ್ನು ಕರಾರಿನಲ್ಲಿ ಬರೆದುಕೊಳ್ಳದೆ ಕೆಲಸ ಶುರು ಮಾಡಿದರೆ, ಕೊನೆಗೆ ಅದು ಬೀಳುವುದು ಶನಿವಾರ ಕೂತು ಕೆಲಸ ಮುಗಿಸುವ ಎಂಜಿನಿಯರ್ ಮೇಲೆ.

ಕನ್ನಡದ ಟೋಕನ್

ಇನ್ನೊಂದು ಸಂಗತಿ ನಮಗೇ ಸೇರಿದ್ದು, ಇದನ್ನು ನಾವೇ ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಟೋಕನ್ ಎಂದರೆ ಪದವೂ ಅಲ್ಲ, ಅಕ್ಷರವೂ ಅಲ್ಲ. ಮಾದರಿ ಪಠ್ಯವನ್ನು ಕತ್ತರಿಸಿಕೊಳ್ಳುವ ತುಂಡು. ಹೆಚ್ಚು ಕಂಡ ಭಾಷೆಯನ್ನು ದೊಡ್ಡ ತುಂಡುಗಳಾಗಿ, ಕಡಿಮೆ ಕಂಡದ್ದನ್ನು ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಒಂದೊಂದು ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆಗೂ (್) ಮೂರು ಮೂರು ಬೈಟ್. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಅದಕ್ಕೆ ಆರು ಸಂಕೇತ, ಹದಿನೆಂಟು ಬೈಟ್. ಹಳೆಯ ಮಾದರಿಗಳು ಇಂತಹ ಅಕ್ಷರವನ್ನು ಚಿಂದಿ ಚಿಂದಿಯಾಗಿ ಕತ್ತರಿಸುತ್ತಿದ್ದವು.

2024ರ ಮೇ ತಿಂಗಳಲ್ಲಿ ಓಪನ್‌ಎಐ ಜಿಪಿಟಿ 4ಒ ಹೊರತಂದಾಗ ಒಂದೇ ವಾಕ್ಯವನ್ನು ಇಪ್ಪತ್ತು ಭಾಷೆಗಳಲ್ಲಿ ಕೊಟ್ಟು ಹಳೆಯ, ಹೊಸ ಟೋಕನ್ ಎಣಿಕೆ ತೋರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲಿಪಿಯಲ್ಲಿ ನಮಗೆ ತೀರಾ ಹತ್ತಿರದ ತೆಲುಗು ಇತ್ತು: 159 ಟೋಕನ್ ಇದ್ದದ್ದು 45ಕ್ಕೆ ಇಳಿದಿತ್ತು. ದೊಡ್ಡ ಸುಧಾರಣೆ, ಸಂತೋಷ. ಅದೇ ವಾಕ್ಯ ಇಂಗ್ಲಿಷ್‌ನಲ್ಲಿ 27ರಿಂದ 24ಕ್ಕೆ ಬಂದಿತ್ತು. ಅಂದರೆ ಸುಧಾರಿಸಿದ ಮೇಲೂ ತೆಲುಗಿನವರು ಅದೇ ಮಾತಿಗೆ ಇಂಗ್ಲಿಷ್‌ನವರ ಸುಮಾರು ಎರಡು ಪಟ್ಟು ಎಣಿಸಬೇಕು. ಕನ್ನಡದ ಅವಸ್ಥೆ ಇದಕ್ಕಿಂತ ತುಂಬ ಬೇರೆ ಇರಲು ಕಾರಣವಿಲ್ಲ. ಏಜೆಂಟ್ ಪ್ರತಿ ಹೆಜ್ಜೆಗೂ ಹಿಂದಿನದ್ದೆಲ್ಲವನ್ನೂ ಮತ್ತೆ ಓದುತ್ತದೆ ಎಂದು ಮೇಲೆ ಹೇಳಿದ್ದು ಇಲ್ಲಿ ನೆನಪಿರಲಿ. ಎರಡು ಪಟ್ಟಿನ ಈ ಹೊರೆ ಪ್ರತಿ ಹೆಜ್ಜೆಗೂ ಬೀಳುತ್ತದೆ. ಮಾದರಿ ಒಮ್ಮೆಗೆ ಓದಬಹುದಾದ ಪಠ್ಯದ ಮಿತಿಯೂ ಬೇಗ ತುಂಬುತ್ತದೆ.

ಇದರ ಪರಿಣಾಮ ಸರಳ. ಹುಬ್ಬಳ್ಳಿಯ ವಿತರಕರೊಬ್ಬರು ತಮ್ಮ ಅಂಗಡಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಏಜೆಂಟ್ ಇಟ್ಟುಕೊಂಡರೆ, ಟೋಕನ್ ದರದಲ್ಲಿ ಅವರ ಬಿಲ್ ಇಂಗ್ಲಿಷ್ ಬಳಸುವವರಿಗಿಂತ ಜಾಸ್ತಿ. ಆಗ ಸಹಜವಾಗಿಯೇ ‘ಒಳಗಿನ ಕೆಲಸ ಇಂಗ್ಲಿಷ್‌ನಲ್ಲೇ ಆಗಲಿ’ ಎಂಬ ಸಲಹೆ ಬರುತ್ತದೆ. ತಂಡದ ಬೋರ್ಡು, ಟಿಪ್ಪಣಿ, ಟಿಕೆಟ್‌ಗಳಿಂದ ಕನ್ನಡ ಹಿಂದೆ ಸರಿಯುತ್ತದೆ. ಇದನ್ನು ಯಾರೂ ದುರುದ್ದೇಶದಿಂದ ಮಾಡುವುದಿಲ್ಲ, ಬಿಲ್ಲು ಮಾಡಿಸುತ್ತದೆ. ಸಂಭಾಷಣೆಗೆ ಇಷ್ಟು, ಬಗೆಹರಿದ ದೂರಿಗೆ ಇಷ್ಟು ಎಂಬ ದರದಲ್ಲಾದರೆ ಭಾಷೆಯ ಹೆಚ್ಚುವರಿ ಖರ್ಚು ಮಾರುವವರದು. ಆದ್ದರಿಂದ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಬಗೆಯ ದರವೇ ಮೇಲು. ಅದರಲ್ಲೂ ಒಂದು ಅಪಾಯವಿದೆ: ಖರ್ಚು ತಗ್ಗಿಸಲು ಮಾರುವವರು ಕನ್ನಡದ ಪ್ರಶ್ನೆಗಳಿಗೆ ಅಗ್ಗದ, ಚಿಕ್ಕ ಮಾದರಿ ಜೋಡಿಸಿಬಿಡಬಹುದು. ಉತ್ತರ ಕೆಟ್ಟು ಗ್ರಾಹಕರು ಸುಮ್ಮನೆ ಎದ್ದುಹೋದರೆ ಅದೂ ಬಗೆಹರಿದ ಲೆಕ್ಕಕ್ಕೇ ಸೇರುತ್ತದೆ.

ಕೊಳ್ಳುವ ಮೊದಲು ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ನಿಮ್ಮ ಗ್ರಾಹಕರು ನಿಜವಾಗಿ ಕೇಳಿದ ನೂರು ಕನ್ನಡ ಪ್ರಶ್ನೆಗಳನ್ನು ಹೆಸರು, ಫೋನ್ ನಂಬರ್ ತೆಗೆದು ಇಟ್ಟುಕೊಳ್ಳಿ. ಅವರು ಬರೆದ ಹಾಗೆಯೇ ಇರಲಿ, ಧಾರವಾಡದ ಮಾತು, ಮಂಗಳೂರಿನ ಮಾತು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದು ಎಲ್ಲವೂ. ಅದೇ ನೂರನ್ನು ಇಂಗ್ಲಿಷ್‌ಗೆ ಮಾಡಿಸಿ, ಎರಡನ್ನೂ ಏಜೆಂಟ್‌ಗೆ ಕೊಟ್ಟು, ಎರಡರ ಬಿಲ್ಲನ್ನೂ ಉತ್ತರಗಳನ್ನೂ ಪಕ್ಕಪಕ್ಕದಲ್ಲಿಡಿ. ಉತ್ತರಗಳನ್ನು ತೂಗುವ ಕೆಲಸವನ್ನು ಮಾರುವವರಿಗೂ ಮ್ಯಾನೇಜರಿಗೂ ಬಿಡದೆ, ಆ ಗ್ರಾಹಕರ ಜೊತೆ ದಿನವೂ ಫೋನಿನಲ್ಲಿ ಮಾತಾಡುವ ಸಿಬ್ಬಂದಿಗೆ ಒಪ್ಪಿಸಿ. ಯಾವ ಉತ್ತರಕ್ಕೆ ಗ್ರಾಹಕ ಸಮಾಧಾನವಾಗುತ್ತಾನೆ, ಯಾವುದಕ್ಕೆ ಫೋನಿಡುತ್ತಾನೆ ಎಂದು ಅವರಿಗೆ ಗೊತ್ತಿರುತ್ತದೆ. ಅವರು ಇದಕ್ಕೆ ಕಳೆದ ಗಂಟೆಗಳನ್ನೂ ಅದೇ ಬಿಲ್ಲಿನ ಕೆಳಗೆ ಸೇರಿಸಿ.